ದೊಡ್ಡ ಗಾಡಿಯ ಸಾಮಾನು, ಸಣ್ಣ ಗಾಡಿಯ ದರದಲ್ಲಿ



ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿಯ ಜಾರು, ಹೊಲಿಗೆ ಯಂತ್ರದ ಬೆಲ್ಟು ಇಂಥವುಗಳ ಸುತ್ತಲೇ ಇರುತ್ತವೆ. ಈ ಸಲ ಮಾತ್ರ ಒಂದೇ ಪಕ್ಷದಲ್ಲಿ ಮೂರು ಪತ್ರಗಳು ಕಾರಿನ ಬಗ್ಗೆ ಬಂದಿವೆ. ಅದೂ ಅಂತಿಂಥ ಕಾರಲ್ಲ, ಕಾಂಟೆಸಾ! ನಮ್ಮ ಕಡೆ ಅಕ್ಕಿ ಗಿರಣಿಯವರು, ದೊಡ್ಡ ಹೊಲಮನೆಯವರು ಒಂದು ಕಾಲದಲ್ಲಿ ಗತ್ತಿನಿಂದ ಓಡಿಸುತ್ತಿದ್ದ ಉದ್ದ ಮೂತಿಯ ಗಾಡಿ. ಈಗ ಎಷ್ಟೋ ಮನೆಗಳ ಹಿತ್ತಲಲ್ಲಿ ತಾಡಪಾಲು ಹೊದ್ದುಕೊಂಡು ನಿಂತಿದೆ. ಕೋಳಿ ಅದರ ಕೆಳಗೆ ಮೊಟ್ಟೆ ಇಡುತ್ತವೆ.

ಸಿಂಧನೂರಿನ ಸೋದರಿ ಬರೆಯುತ್ತಾರೆ: “ಗಾಡಿ ನಾಲ್ಕು ಮೈಲು ಹೋದರೆ ಕುದಿಯುತ್ತದೆ. ಮಿಸ್ತ್ರಿ ಇಂಜಿನ್ನೇ ಬದಲಿಸಿ ಅಂತಾನೆ.” ಲಿಂಗಸುಗೂರಿನವರು ಬರೆದದ್ದು: “ಮಾವನವರ ಗಾಡಿ. ಮಗಳ ಮದುವೆಗೆ ಅದರಲ್ಲೇ ದಿಬ್ಬಣ ಹೋಗಬೇಕೆಂದು ಅವರ ಆಸೆ. ಗ್ಯಾರೇಜಿನವರು 60,000 ರೂಪಾಯಿಯ ಚೀಟಿ ಬರೆದುಕೊಟ್ಟಿದ್ದಾರೆ. ನನ್ನ ಬಳೆ ಒತ್ತೆ ಇಡೋಣ ಅನ್ನುತ್ತಾರೆ ಯಜಮಾನರು. ನೀವೇನು ಹೇಳ್ತೀರಿ ಅಕ್ಕಾ?” ಮಸ್ಕಿಯ ತಂಗಿಯ ಪತ್ರ ಓದಿ ಮನಸ್ಸು ಭಾರವಾಯಿತು: “ಅಪ್ಪ ತೀರಿಕೊಂಡು ಎರಡು ವರ್ಷ. ಗುಜರಿಯವನು ಬಂದು ಗಾಡಿ ಕೇಳ್ತಿದ್ದಾನೆ. ಅವ್ವನಿಗೆ ಕೊಡಲು ಮನಸ್ಸಿಲ್ಲ. ಇಟ್ಟುಕೊಂಡರೆ ಸಾಮಾನು ಎಲ್ಲೂ ಸಿಗೋದಿಲ್ಲ ಅಂತಾರೆ.”

ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಮೂವರ ತೊಂದರೆಯ ಬುಡವೂ ಒಂದೇ. ಅದಕ್ಕೇ ಇವತ್ತಿನ ಅಂಕಣವನ್ನೆಲ್ಲ ಇದಕ್ಕೇ ಮೀಸಲಿಟ್ಟಿದ್ದೇನೆ. ಕಾರು ಇಲ್ಲದವರು ಪುಟ ಮಗುಚಬೇಡಿ. ಇಲ್ಲಿ ಹೇಳುವ ಯುಕ್ತಿ ನಿಮ್ಮ ಫ್ಯಾನಿಗೂ ನೀರಿನ ಪಂಪಿಗೂ ಬರುತ್ತದೆ.

ಇದೆಲ್ಲ ನಿಮಗ್ಹೇಗೆ ಗೊತ್ತು ಅಂತ ಕೇಳಬಹುದು. ನಮ್ಮ ಮನೆಯಲ್ಲೂ ಇಂಥದ್ದೊಂದು ಗಾಡಿ ಇದೆ. ಅದಕ್ಕೆ ಆಗುವ ಖರ್ಚು ನನ್ನ ಮನೆವಾರ್ತೆ ಪುಸ್ತಕದಲ್ಲೇ ಬರಬೇಕಲ್ಲ! ಹೀಗಾಗಿ ಗ್ಯಾರೇಜಿನ ಬೆಂಚಿನ ಮೇಲೆ ಕೂತು, ಏನು ಬಿಚ್ಚಿದರು, ಏನು ಹಾಕಿದರು ಅಂತ ಬರೆದುಕೊಂಡು ಕಲಿತದ್ದು.

ಗಾಡಿಯ ಮನೆತನ ಕೇಳಿ

ಸಂಬಂಧ ನೋಡುವಾಗ ನಾವು ಮೊದಲು ಏನು ಕೇಳುತ್ತೇವೆ? ಯಾರ ಪೈಕಿ, ತಾಯಿಯ ತವರು ಯಾವೂರು, ನೆಂಟರು ಎಲ್ಲೆಲ್ಲಿ ಇದ್ದಾರೆ ಅಂತ. ಹಳೇ ಗಾಡಿಗೂ ಅದೇ ಪ್ರಶ್ನೆ ಕೇಳಬೇಕು ನೋಡಿ. ಅರ್ಧ ದುಡ್ಡು ಅಲ್ಲೇ ಉಳಿಯುತ್ತದೆ.

ಕಾಂಟೆಸಾ ಮಾಡಿದವರು ಹಿಂದೂಸ್ತಾನ್ ಮೋಟಾರ್ಸ್. ಅಂಬಾಸಡರ್ ಮಾಡಿದವರೂ ಅವರೇ. ಕಾರ್ಖಾನೆ ಕಲ್ಕತ್ತದ ಹತ್ತಿರದ ಉತ್ತರಪಾಡಾದಲ್ಲಿತ್ತು. ಕಾಂಟೆಸಾದ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯದು. ಅಲ್ಲಿ 1970ರ ದಶಕದಲ್ಲಿ ಓಡಿದ ಮಾದರಿಯ ಅಚ್ಚುಗಳನ್ನು ತಂದು ಇಲ್ಲಿ 1984ರಲ್ಲಿ ಶುರು ಮಾಡಿದರು. 2002ಕ್ಕೆ ನಿಲ್ಲಿಸಿದರು. ಅಂಬಾಸಡರ್ ಮಾತ್ರ 2014ರವರೆಗೂ ಬಂತು. ಆ ವರ್ಷ ಉತ್ತರಪಾಡಾದಲ್ಲಿ ಕಾರು ಕಟ್ಟುವುದೇ ನಿಂತುಹೋಯಿತು.

ಮೈ ಇಂಗ್ಲೆಂಡಿನದು, ಸರಿ. ಹೃದಯ ಯಾರದು? ಮೊದಮೊದಲ ಕಾಂಟೆಸಾಗಳಲ್ಲಿ ಇದ್ದದ್ದು ಅಂಬಾಸಡರಿನದೇ 1489 ಸಿ.ಸಿ. ಪೆಟ್ರೋಲ್ ಇಂಜಿನ್. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಇಂಜಿನ್ ಬಂತು. ಅದೇ ಇಸುಜು ಇಂಜಿನ್ನನ್ನು 1990ರ ದಶಕದಲ್ಲಿ ಅಂಬಾಸಡರಿಗೂ ಕೂರಿಸಿದರು. ಇಸುಜುವಿನ 2.0 ಲೀಟರ್ ಡೀಸೆಲ್ ಇಂಜಿನ್ನಿನ ಕತೆಯೂ ಅಷ್ಟೇ, ಎರಡೂ ಗಾಡಿಯಲ್ಲಿ ಬಂದಿದೆ. ಅಂದರೆ ಏನಾಯಿತು? ಊರೆಲ್ಲ ಬಾಡಿಗೆಗೆ ಓಡಿದ ಟ್ಯಾಕ್ಸಿಯೂ, ಸಾಹುಕಾರರ ಕಾಂಟೆಸಾವೂ ಒಂದೇ ತಾಯಿಯ ಮಕ್ಕಳು. ಟ್ಯಾಕ್ಸಿ ಎಷ್ಟು ಸಾವಿರ ಓಡಿದ್ದವೋ ಅಷ್ಟು ಸಾಮಾನು ಪೇಟೆಯಲ್ಲಿ ತಯಾರಾಗಿತ್ತು. ಕಾಂಟೆಸಾ ಹೆಸರಿನಲ್ಲಿ “ಇಲ್ರಿ” ಅಂದ ಅಂಗಡಿಯವನೇ ಅಂಬಾಸಡರ್ ಹೆಸರಿನಲ್ಲಿ ಕೇಳಿದರೆ ಡಬ್ಬಿ ತೆಗೆದು ಮುಂದಿಡುತ್ತಾನೆ.

ಆ 1489 ಸಿ.ಸಿ. ಇಂಜಿನ್ನಿನ ಮನೆತನ ಇನ್ನೂ ದೊಡ್ಡದು. ಇಂಗ್ಲೆಂಡಿನಲ್ಲಿ 1955ರಲ್ಲಿ ಬಂದ ಎಂ.ಜಿ.ಎ. ಅನ್ನುವ ಚೆಂದದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೂ ಮೊದಲು ಇದೇ ವಂಶದ, ಇದೇ ಅಳತೆಯ ಇಂಜಿನ್ ಇತ್ತು.

ಸಿರಿವಂತರ ಗಾಡಿಗೂ ಬಡ ನೆಂಟರು

ಇದು ನಮ್ಮ ದೇಶದ ಕತೆ ಮಾತ್ರ ಅಂದುಕೊಳ್ಳಬೇಡಿ. ಆಸ್ಟನ್ ಮಾರ್ಟಿನ್ ಅನ್ನುವುದು ಇಂಗ್ಲೆಂಡಿನ ಬಲು ದುಬಾರಿ ಸ್ಪೋರ್ಟ್ಸ್ ಕಾರು. ಅವರ ಡಿ.ಬಿ.7 ಅನ್ನುವ ಮಾದರಿಯ ಹಿಂದಿನ ದೀಪ ಜಪಾನಿನ ಮಾಜ್ದಾ 323 ಅನ್ನುವ ಸಾಧಾರಣ ಕಾರಿನದು. ಇಟಲಿಯ ಲ್ಯಾಂಬೊರ್ಗಿನಿ ಕಂಪನಿಯ ಡಯಾಬ್ಲೊ ಗಾಡಿಗೆ ಕಡೆಯ ವರ್ಷಗಳಲ್ಲಿ ಹಾಕಿದ ಮುಂದಿನ ದೀಪ ನಿಸ್ಸಾನ್ ಕಂಪನಿಯ 300 ಝಡ್ಎಕ್ಸ್ ಕಾರಿನದು. ಕೆಲವೇ ನೂರು ಗಾಡಿ ಮಾಡುವ ಕಂಪನಿ ದೀಪಕ್ಕೆಂದೇ ಬೇರೆ ಅಚ್ಚು ಮಾಡಿಸಿದರೆ ಗಿಟ್ಟುವುದಿಲ್ಲ. ಅದಕ್ಕೆ ಲಕ್ಷಗಟ್ಟಲೆ ಮಾಡುವವರಿಂದ ತೆಗೆದುಕೊಳ್ಳುತ್ತಾರೆ.

ಹೀಗಾಗಿ ಅಲ್ಲಿನ ಜಾಣ ಮಾಲೀಕರು ದೀಪ ಒಡೆದಾಗ ದೊಡ್ಡ ಕಂಪನಿಯ ಬಾಗಿಲಿಗೆ ಹೋಗುವುದಕ್ಕೆ ಮುಂಚೆ ಅದರ ನೆಂಟರ ಮನೆ ಯಾವುದು ಅಂತ ವಿಚಾರಿಸುತ್ತಾರೆ. ಕೋಟಿ ಇದ್ದವರೇ ಹಾಗೆ ಮಾಡುವಾಗ ಬತ್ತ ಮಾರಿ ಸಂಸಾರ ನಡೆಸುವ ನಾವು ನಾಚಿಕೊಳ್ಳುವುದೇಕೆ?

ಮೂರು ರಾಶಿ ಮಾಡಿ

ಗ್ಯಾರೇಜಿನವರು ಉದ್ದನೆಯ ಚೀಟಿ ಕೊಟ್ಟರೆ ಗಾಬರಿ ಬೇಡ. ದಿನಸಿ ಚೀಟಿ ಇದ್ದಂತೆಯೇ ಅದು. ಮನೆಯಲ್ಲಿ ಕೂತು ಮೂರು ರಾಶಿ ಮಾಡಿ.

ಮೊದಲ ರಾಶಿ, ನಂಬರಿನ ಸಾಮಾನು. ಇವುಗಳಿಗೆ ಗಾಡಿಯ ಹೆಸರೇ ಬೇಕಿಲ್ಲ. ಬೇರಿಂಗು, ಆಯಿಲ್ ಸೀಲು, ಫ್ಯಾನ್ ಬೆಲ್ಟು, ಬಲ್ಬು, ಪ್ಲಗ್ಗು, ಪೆಟ್ರೋಲಿನ ರಬ್ಬರ್ ಪೈಪು, ಬ್ಯಾಟರಿ, ಟಯರು ಇವೆಲ್ಲ ಅಳತೆಯ ಮೇಲೆ ಸಿಗುವಂಥವು.

ಬೇರಿಂಗಿನ ಗುಟ್ಟು ಹೇಳುತ್ತೇನೆ. ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಒರೆಸಿ ನೋಡಿದರೆ ಅಂಚಿನ ಮೇಲೆ ನಂಬರ್ ಕೆತ್ತಿರುತ್ತದೆ. 6204 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ. 20 ಬಂತಲ್ಲ, ಒಳಗಿನ ತೂತು 20 ಮಿಲಿಮೀಟರ್. 6205 ಆದರೆ 25. (ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. 6201ಕ್ಕೆ 12, 6202ಕ್ಕೆ 15, 6203ಕ್ಕೆ 17 ಅಂತ ಬಾಯಿಪಾಠ ಮಾಡಿಕೊಳ್ಳಿ.) ನಂಬರಿನ ಮುಂದೆ ಝಡ್ ಝಡ್ ಅಂತ ಇದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, ಆರ್ ಎಸ್ ಅಂತ ಇದ್ದರೆ ರಬ್ಬರಿನ ಮುಚ್ಚಳ. ಈ ನಂಬರು ಜಗತ್ತಿಗೆಲ್ಲ ಒಂದೇ. ನಿಮ್ಮ ಸೀಲಿಂಗ್ ಫ್ಯಾನಿನಲ್ಲಿ ಇರುವ 6202ಕ್ಕೂ ಕಾರಿನೊಳಗೆ ಇರುವ 6202ಕ್ಕೂ ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆದರೆ ಇಂಜಿನ್ನಿನ ಹತ್ತಿರ ಬಿಸಿ ಹೆಚ್ಚು. ಅದಕ್ಕೆ ಹಳೆಯದರ ಮೇಲೆ ಸಿ3 ಅಂತ ಇದ್ದರೆ ಹೊಸದರ ಮೇಲೂ ಅದು ಇರಲೇಬೇಕು. ಚಕ್ರದ ಬೇರಿಂಗಿನ ಜಾತಿ ಬೇರೆ, ಅದಕ್ಕೂ ತನ್ನದೇ ನಂಬರು ಇರುತ್ತದೆ. ಅದನ್ನೂ ಬರೆದುಕೊಳ್ಳಿ.

ಆಯಿಲ್ ಸೀಲಿನ ಮೇಲೆ ಮೂರು ಅಂಕಿ. 35-52-7 ಅಂದರೆ ಒಳ ಅಳತೆ 35, ಹೊರ ಅಳತೆ 52, ದಪ್ಪ 7 ಮಿಲಿಮೀಟರ್. ಬೆಲ್ಟಿನ ಮೇಲೆ ಅಗಲ, ಉದ್ದ ಅಚ್ಚಾಗಿರುತ್ತದೆ. ಅಳಿಸಿಹೋಗಿದ್ದರೆ ಹಳೆಯ ಬೆಲ್ಟನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಬಲ್ಬಿನ ಬುಡದಲ್ಲಿ ವೋಲ್ಟು, ವ್ಯಾಟು ಎರಡೂ ಇರುತ್ತವೆ. ಈ ರಾಶಿಯ ಸಾಮಾನು ಸಿಂಧನೂರು, ಲಿಂಗಸುಗೂರಿನಂಥ ಊರಲ್ಲೇ ಸಿಗುತ್ತವೆ. ಅಂಗಡಿಯಲ್ಲಿ ಕಾರಿನ ಹೆಸರು ಎತ್ತಬೇಡಿ. ನಂಬರು ಹೇಳಿ. “ಕಾಂಟೆಸಾಕ್ಕೆ ಬೇಕಿತ್ರಿ” ಅಂದರೆ ದರವೂ ಆ ಗಾಡಿಯ ಮೂತಿಯಷ್ಟೇ ಉದ್ದ ಆಗುತ್ತದೆ.

ಎರಡನೇ ರಾಶಿ, ನೆಂಟರ ಮನೆಯ ಸಾಮಾನು. ಇಂಜಿನ್ನಿನ ಒಳಗಿನ ಪಿಸ್ಟನ್, ರಿಂಗು, ವಾಲ್ವು, ಹೆಡ್ ಗ್ಯಾಸ್ಕೆಟ್ಟು, ನೀರಿನ ಪಂಪು ಇವು. ಇವುಗಳಿಗೆ ಗಾಡಿಗಿಂತ ಇಂಜಿನ್ನಿನ ಹೆಸರು ಮುಖ್ಯ. ಆರ್.ಸಿ. ಪುಸ್ತಕದಲ್ಲಿ ಇಂಜಿನ್ ನಂಬರು, ಸಿ.ಸಿ., ತಯಾರಾದ ವರ್ಷ ಇರುತ್ತವೆ. ಬಾನೆಟ್ ಎತ್ತಿ ಇಂಜಿನ್ನಿನ ಮೇಲಿನ ನಂಬರಿಗೂ ಅದಕ್ಕೂ ತಾಳೆ ನೋಡಿ. ಎಷ್ಟೋ ಗಾಡಿಗಳ ಇಂಜಿನ್ ಹಿಂದೆ ಯಾವಾಗಲೋ ಬದಲಾಗಿರುತ್ತದೆ. 1489 ಸಿ.ಸಿ.ಯೋ, ಇಸುಜು 1.8 ಪೆಟ್ರೋಲೋ, 2.0 ಡೀಸೆಲ್ಲೋ ಅಂತ ಖಾತ್ರಿಯಾದ ಮೇಲೆ ಅಂಬಾಸಡರಿನ ಹೆಸರಿನಲ್ಲೂ ಕೇಳಿ, ಇಸುಜು ಹೆಸರಿನಲ್ಲೂ ಕೇಳಿ. ಎರಡು ಅಂಗಡಿ ಹೆಚ್ಚು ಹತ್ತಿ ಇಳಿಯಿರಿ. ಸೀರೆಗೆ ಅಷ್ಟು ತಿರುಗುತ್ತೇವಂತೆ, ಇದಕ್ಕೆ ತಿರುಗಬಾರದೇ?

ಮೂರನೇ ರಾಶಿ, ಸ್ವಂತ ಮೈಯಿನ ಸಾಮಾನು. ಗಾಜು, ಗಾಜಿನ ಸುತ್ತಲಿನ ರಬ್ಬರು, ಬಾಗಿಲ ಹಿಡಿ, ದೀಪದ ಚೌಕಟ್ಟು, ಮುಂದಿನ ಜಾಲರಿ, ಬಂಪರು, ಡ್ಯಾಶ್ ಬೋರ್ಡು. ಇವಕ್ಕೆ ನೆಂಟರಿಲ್ಲ. ಬೇರೆ ಗಾಡಿಯದು ಕೂಡುವುದಿಲ್ಲ. ಚೀಟಿಯಲ್ಲಿ ನಿಜವಾಗಿ ಕಷ್ಟದ ಸಾಮಾನು ಇವೇ. ಪುಣ್ಯಕ್ಕೆ ಇವು ಬೇಗ ಸವೆಯುವಂಥವಲ್ಲ. ಗಾಜಿನ ಬಗ್ಗೆ ಒಂದು ಮಾತು: ಬಾಗಿಲಿನ ಗಾಜು ಹದ ಕೊಟ್ಟ ಗಾಜು, ಅದನ್ನು ಅಳತೆಗೆ ಕತ್ತರಿಸಲು ಹೋದರೆ ಸಕ್ಕರೆಯಂತೆ ಪುಡಿಯಾಗುತ್ತದೆ. ಮುಂದಿನ ಗಾಜು ಎರಡು ಪದರದ ನಡುವೆ ಹಾಳೆ ಇಟ್ಟು ಅಂಟಿಸಿದ್ದು. ಅಲ್ಲಿ ಕಿಟಕಿಯ ಗಾಜು ಕೂರಿಸುತ್ತೇನೆ ಅಂತ ಯಾರಾದರೂ ಅಂದರೆ ಕೈಮುಗಿದು ಕಳಿಸಿಬಿಡಿ. ಒಡೆದಾಗ ಚೂರಿಯಂತೆ ಇರಿಯುತ್ತದೆ.

ಒಂದೊಂದೇ ಸಾಮಾನು ಹುಡುಕುವುದಕ್ಕಿಂತ ಈ ರಾಶಿಗೆ ಒಳ್ಳೇ ದಾರಿ, ಓಡದೆ ನಿಂತ ಇನ್ನೊಂದು ಕಾಂಟೆಸಾವನ್ನೇ ಕೊಳ್ಳುವುದು. ಇದಕ್ಕೆ ಬಹಳ ದುಡ್ಡು ಬೇಕಲ್ಲ ಅನ್ನಬೇಡಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹಿತ್ತಲ ಗಿಡವೂ ಮದ್ದೇ

ನಮ್ಮ ಕಡೆಯ ದೊಡ್ಡ ಆಸ್ತಿ ಯಾವುದು ಹೇಳಿ? ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ಬತ್ತ ಬಂತು. ಬತ್ತದ ಹಿಂದೆ ಟ್ರ್ಯಾಕ್ಟರು, ಗಿರಣಿ, ಕೊಯ್ಲಿನ ಯಂತ್ರ ಬಂದವು. ಅವುಗಳ ಹಿಂದೆ ಲೇತು, ವೆಲ್ಡಿಂಗು, ರೇಡಿಯೇಟರ್ ಬೆಸುಗೆ, ಸೆಲ್ಫ್ ಮೋಟಾರ್ ವೈಂಡಿಂಗು ಮಾಡುವ ಕೈಗಳು ಬಂದವು. ಗದ್ದೆ ನಡುವೆ ಕೆಟ್ಟು ನಿಂತ ಯಂತ್ರವನ್ನು ರಾತ್ರೋರಾತ್ರಿ ಓಡಿಸುವ ಮಿಸ್ತ್ರಿಗಳಿಗೆ ಹಳೇ ಕಾರು ದೊಡ್ಡದಲ್ಲ.

ಬದಲಿಸಬೇಕು ಅಂತ ಬರೆದ ಎಷ್ಟೋ ಸಾಮಾನು ರಿಪೇರಿಯಲ್ಲೇ ಸರಿಹೋಗುತ್ತವೆ. ತಾಮ್ರ, ಹಿತ್ತಾಳೆಯ ಹಳೇ ರೇಡಿಯೇಟರು ಬಿಚ್ಚಿ ಒಳಗಿನ ಕೊಳೆ ತೆಗೆದು ಬೆಸುಗೆ ಹಾಕಬಹುದು. ಕ್ಲಚ್ ಪ್ಲೇಟಿಗೂ ಬ್ರೇಕ್ ಶೂಗೂ ಹೊಸ ಲೈನಿಂಗ್ ರಿವೆಟ್ ಮಾಡಿಸಬಹುದು. ಸೆಲ್ಫ್ ಮೋಟಾರಿಗೆ ಬುಶ್ಶು, ಕಾರ್ಬನ್ನು ಹಾಕಿಸಬಹುದು. ಸವೆದ ಲೋಹದ ಬುಶ್ಶನ್ನು ಲೇತಿನಲ್ಲಿ ಕಡೆಸಬಹುದು. “ಹೊಸದು ಹಾಕಬೇಕೇ, ಇದನ್ನೇ ಸರಿಮಾಡಬಹುದೇ?” ಅಂತ ಚೀಟಿಯ ಪ್ರತಿ ಸಾಲಿಗೂ ಒಮ್ಮೆ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಆ ಗ್ಯಾರೇಜಿಗೆ ನಮಸ್ಕಾರ ಹೇಳಿ. ಹೊಸದು ಹಾಕಿದರೆ ಬಿಚ್ಚಿದ ಹಳೆಯದನ್ನು ಮನೆಗೆ ತನ್ನಿ. ಮುಂದೆ ಅಳತೆಗೆ ಬೇಕಾಗುತ್ತದೆ.

ದೂರದ ಪೇಟೆಗೆ ಹೋಗುವವರಿಗೆ

ಇಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಟೌನ್ ಹಾಲಿನ ಹತ್ತಿರ ಜೆ.ಸಿ. ರಸ್ತೆ, ಅಂದರೆ ಜಯಚಾಮರಾಜೇಂದ್ರ ರಸ್ತೆ, ಮೋಟಾರು ಸಾಮಾನಿಗೆ ಹೆಸರಾದದ್ದು. ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ ಇದೆ. ರಾಯಚೂರಿನಿಂದ ರೈಲು ಹತ್ತಿದರೆ ಹೈದರಾಬಾದು ಹತ್ತಿರ, ಅಲ್ಲಿ ಸಿಕಂದರಾಬಾದಿನ ರಾಣಿಗಂಜ್ ಇದೆ. ಮದರಾಸಿನ ಪುದುಪೇಟೆ, ಕಲ್ಕತ್ತದ ಮಲ್ಲಿಕ್ ಬಜಾರು ಹಳೇ ಗಾಡಿ ಬಿಚ್ಚಿ ಮಾರುವುದಕ್ಕೆ ಪ್ರಸಿದ್ಧ. ಕಾಂಟೆಸಾದ ತವರು ಕಲ್ಕತ್ತದ ಪಕ್ಕದಲ್ಲೇ ಅನ್ನುವುದನ್ನೂ ನೆನಪಿಡಿ.

ಹಾಗಂತ ಒಂದು ವಾಷರಿಗೆ ಬಸ್ ಚಾರ್ಜು ಕೊಟ್ಟು ಹೋಗಬೇಡಿ. ಪಟ್ಟಿ ಬೆಳೆಯಲಿ. ನೆಂಟರ ಮದುವೆಗೋ ಆಸ್ಪತ್ರೆಗೋ ಊರಿಗೆ ಹೋಗುವುದು ಇದ್ದೇ ಇರುತ್ತದೆ. ಹೋಗುವಾಗ ಹಳೇ ಸಾಮಾನು ಜೊತೆಗಿರಲಿ. ಒಯ್ಯಲಾಗದ್ದಕ್ಕೆ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗುರುತಿಲ್ಲದವರಿಗೆ ಫೋನಿನ ಮೇಲೆ ಮುಂಗಡ ಕಳಿಸಬೇಡಿ. ಹೊಸ ಸಾಮಾನಿಗೆ ಬಿಲ್ಲು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳಿಗೆಲ್ಲ ಜಿ.ಎಸ್.ಟಿ. ಶೇಕಡಾ 18 ಆಗಿದೆ. ಅದಕ್ಕೆ ಮುಂಚೆ ಹಲವು ಸಾಮಾನಿಗೆ 28 ಇತ್ತು. ಹಳೇ ದರದ ಮೇಲೆ ಲೆಕ್ಕ ಹಾಕಿದರೆ ಕೇಳುವ ಹಕ್ಕು ನಿಮ್ಮದು.

ಇಲ್ಲಿ ಮಾತ್ರ ಜಿಪುಣತನ ಬೇಡ

ಸೋದರಿಯರೇ, ಇಷ್ಟು ಹೊತ್ತು ಉಳಿಸುವ ಮಾತಾಡಿದೆ. ಈಗ ಖರ್ಚು ಮಾಡುವ ಮಾತು. ಆ ಗಾಡಿಯಲ್ಲಿ ಕೂರುವವು ನಮ್ಮ ಮಕ್ಕಳು, ವಯಸ್ಸಾದ ಅತ್ತೆ ಮಾವ.

ಬ್ರೇಕಿನ ರಬ್ಬರ್ ಪೈಪು, ಸಿಲಿಂಡರಿನ ಒಳಗಿನ ರಬ್ಬರ್ ಕಿಟ್ಟು, ಸ್ಟೇರಿಂಗಿನ ಕೀಲುಗಳು, ಟಯರು, ಸೀಟು ಬೆಲ್ಟು ಇವನ್ನು ಗುಜರಿಯಿಂದ ತರಲೇಬೇಡಿ. ರಬ್ಬರು ಓಡಿದರಷ್ಟೇ ಸವೆಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ನಿಂತಲ್ಲೇ ಒಣಗಿ ಬಿರಿಯುತ್ತದೆ. ಟಯರಿನ ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹೂವು ಅಳಿಯದೆ ಹೊಸದರಂತೆ ಕಂಡರೂ ವಯಸ್ಸು ಅಲ್ಲಿ ಬರೆದಿರುತ್ತದೆ.

ಬ್ರೇಕಿಗೆ ಬ್ರೇಕ್ ಎಣ್ಣೆಯನ್ನೇ ಹಾಕಿಸಿ, ಡಬ್ಬಿ ನಿಮ್ಮ ಮುಂದೆ ಒಡೆಯಲಿ. ಇಂಜಿನ್ ಎಣ್ಣೆ ತಪ್ಪಿ ಹಾಕಿದರೆ ಒಳಗಿನ ರಬ್ಬರು ಉಬ್ಬಿಕೊಂಡು ಬ್ರೇಕೇ ಹಿಡಿಯದೆ ಹೋಗಬಹುದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಾವು ಹಪ್ಪಳದ ಡಬ್ಬಿ ತೆರೆದಿಟ್ಟ ಹಾಗೆ. ಅರ್ಧ ಉಳಿದ ಹಳೇ ಡಬ್ಬಿಯದು ಬೇಡ.

ಈಗಿನ ಪೆಟ್ರೋಲಿನ ಮಾತೂ ಇದೆ. ಬಂಕಿನಲ್ಲಿ ಈಗ ಬರುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಕಾಂಟೆಸಾ ತಯಾರಾದ ಕಾಲದಲ್ಲಿ ಇದು ಇರಲಿಲ್ಲ. ಎಥನಾಲಿಗೆ ಹಳೇ ರಬ್ಬರು ಒಗ್ಗುವುದಿಲ್ಲ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಅದು ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಪೆಟ್ರೋಲಿನ ಪೈಪು, ಕಾರ್ಬೊರೇಟರಿನ ಗ್ಯಾಸ್ಕೆಟ್ಟು ಮೊದಲು ಬದಲಿಸಿ. ಎಥನಾಲ್ ತಡೆಯುವ ಪೈಪು ಬೇಕು ಅಂತ ಬಾಯಿಬಿಟ್ಟು ಕೇಳಿ. ಪೈಪಿಗೆ ಆಗುವ ಖರ್ಚು ಸಣ್ಣದು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ.

ಸರಕಾರದ ಲೆಕ್ಕ

ಗಾಡಿ ಸರಿಯಾದರೆ ಸಾಲದು, ಕಾಗದವೂ ಸರಿ ಇರಬೇಕು. ಸ್ವಂತ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. 2022ರ ಏಪ್ರಿಲ್ 1ರಿಂದ ಈ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಕೊನೆಯ ಕಾಂಟೆಸಾ 2002ರದು. ಅಂದರೆ ಎಲ್ಲ ಕಾಂಟೆಸಾಗಳೂ ಈ ದರದ ಕೆಳಗೇ ಬರುತ್ತವೆ. ಇದರ ಮೇಲೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ.

“ವಿಂಟೇಜ್ ಗಾಡಿ ಅಂತ ಮಾಡಿಸಿದರೆ ಆಯಿತು” ಅಂತ ಕೆಲವರು ಹೇಳುತ್ತಾರೆ. 2021ರ ನಿಯಮದ ಪ್ರಕಾರ ಅದಕ್ಕೆ ಮೊದಲ ನೋಂದಣಿಯಾಗಿ 50 ವರ್ಷ ತುಂಬಿರಬೇಕು. 1984ರ ಗಾಡಿಗೆ 50 ತುಂಬುವುದು 2034ಕ್ಕೆ! ಹಾಗೆ ಮಾಡಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗೂ ಇಲ್ಲ.

ಹೀಗಾಗಿ ಸಾಮಾನಿನ ಚೀಟಿ ನೋಡುವ ಮುಂಚೆ ಈ ಕಾಗದದ ಖರ್ಚನ್ನು ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ. ಅದನ್ನು ಕಟ್ಟುವ ಶಕ್ತಿ ಇದ್ದರೆ ಮಾತ್ರ ಮುಂದಿನ ಸಾಲು.

ಈಗ ನಿಮ್ಮ ಪತ್ರಗಳಿಗೆ

ಸಿಂಧನೂರಿನ ಸೋದರಿಗೆ: ಗಾಡಿ ಕುದಿಯಿತು ಅಂದಮಾತ್ರಕ್ಕೆ ಇಂಜಿನ್ ಬದಲಿಸುವುದು, ಹಾಲು ಉಕ್ಕಿತು ಅಂತ ಒಲೆ ಒಡೆದ ಹಾಗೆ. ನಿಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳೀ ಹೆಕ್ಕಳ ಕಟ್ಟಿರುತ್ತದೆ. ವರ್ಷಗಟ್ಟಲೆ ಅದೇ ನೀರು ಹಾಕಿದ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ. ಮೊದಲು ರೇಡಿಯೇಟರ್ ಬಿಚ್ಚಿ ತೊಳೆಸಿ. ಥರ್ಮೋಸ್ಟಾಟ್, ಫ್ಯಾನ್ ಬೆಲ್ಟು, ನೀರಿನ ಪಂಪು, ರಬ್ಬರ್ ಪೈಪು ಒಂದೊಂದಾಗಿ ನೋಡಿಸಿ. ಹೆಡ್ ಗ್ಯಾಸ್ಕೆಟ್ಟು ಹೋಗಿದೆಯೇ ಅನ್ನುವುದು ಕೊನೆಗೆ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಕೂಲಂಟ್ ಬೆರೆಸಿ ಹಾಕಿಸಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ, ಕುಕ್ಕರಿಗಿಂತ ಜೋರಾಗಿ ಹಾರುತ್ತದೆ. ಇಷ್ಟರ ಮೇಲೂ ಇಂಜಿನ್ ಬದಲಿಸಲೇಬೇಕಾದರೆ ಆರ್.ಟಿ.ಓ. ಅನುಮತಿ ಮೊದಲು, ಇಂಜಿನ್ ಆಮೇಲೆ. ಆರ್.ಸಿ.ಯಲ್ಲಿ ಹೊಸ ನಂಬರು ಏರದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ.

ಲಿಂಗಸುಗೂರಿನ ಸೋದರಿಗೆ: ಬಳೆ ಬೀರುವಿನಲ್ಲೇ ಇರಲಿ. ಆ 60,000ದ ಚೀಟಿಯನ್ನು ನೀವೇ ಮೂರು ರಾಶಿ ಮಾಡಿ. ನೀವು ಕಳಿಸಿದ ನಕಲು ನೋಡಿದೆ. ಅದರ ಹತ್ತೊಂಬತ್ತು ಸಾಲಿನಲ್ಲಿ ಹನ್ನೊಂದು ನಂಬರಿನ ಸಾಮಾನು. ಅವುಗಳ ಎದುರು ಕಾರಿನ ಹೆಸರು ಬರೆದಿದೆಯೇ ಹೊರತು ನಂಬರೇ ಇಲ್ಲ! ನಂಬರು ಬರೆದುಕೊಡಿ ಅಂತ ಕೇಳಿ, ಊರಿನ ಎರಡು ಅಂಗಡಿಯಲ್ಲಿ ದರ ವಿಚಾರಿಸಿ. ಬಣ್ಣ, ಸೀಟಿನ ಬಟ್ಟೆ, ಬಂಪರಿನ ಹೊಳಪು ಇವನ್ನೆಲ್ಲ ಮುಂದಕ್ಕೆ ಹಾಕಿ. ಬ್ರೇಕು, ಟಯರು, ಪೆಟ್ರೋಲ್ ಪೈಪು ಮೊದಲು. ಮದುವೆಯೊಳಗೆ ಗಾಡಿ ಭರವಸೆಯಿಂದ ಓಡುವಂತಾದರೆ ಸರಿ. ಇಲ್ಲವಾದರೆ ಮಾವನವರಿಗೆ ನಯವಾಗಿ ಹೇಳಿ, ದಿಬ್ಬಣಕ್ಕೆ ಬಾಡಿಗೆ ಗಾಡಿ ಮಾಡಿ, ಕಾಂಟೆಸಾಕ್ಕೆ ಹೂವಿನ ಹಾರ ಹಾಕಿ ಮಂಟಪದ ಮುಂದೆ ನಿಲ್ಲಿಸಿ. ಹಿರಿಯರ ಮಾನವೂ ಉಳಿಯಿತು, ಮಗಳ ಪ್ರಾಣವೂ ಕ್ಷೇಮ. ಒತ್ತೆ ಇಟ್ಟ ಬಂಗಾರದ ಬಡ್ಡಿ ರಾತ್ರಿ ಹಗಲು ಓಡುತ್ತದೆ. ಗಾಡಿ ಹಾಗೆ ಓಡುವುದಿಲ್ಲ.

ಮಸ್ಕಿಯ ತಂಗಿಗೆ: ಅವ್ವನ ಮನಸ್ಸು ಒಪ್ಪುವವರೆಗೆ ಕೊಡಬೇಡಿ, ಅವಸರವೇನಿಲ್ಲ. ಬ್ಯಾಟರಿ ಕಳಚಿಡಿ, ಟಯರಿನ ಭಾರ ತಪ್ಪಿಸಲು ಕೆಳಗೆ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ, ಇಲಿ ವೈರು ಕಡಿಯದಂತೆ ನೋಡಿಕೊಳ್ಳಿ. ಇಟ್ಟುಕೊಳ್ಳುವುದಾದರೆ ಗಾಡಿಯನ್ನು ಮೊದಲು ಅವ್ವನ ಹೆಸರಿಗೆ ವರ್ಗ ಮಾಡಿಸಿ. ಕೊಡುವುದಾದರೆ ಗೇಟಿಗೆ ಬಂದ ಗುಜರಿಯವನಿಗೆ ತೂಕದ ಮೇಲೆ ಕೊಡಬೇಡಿ. ಅಪ್ಪನ ಹೆಸರಿನಲ್ಲೇ ಆರ್.ಸಿ. ಇದ್ದು ಆ ಗಾಡಿ ಎಲ್ಲೋ ಅಪರಾಧಕ್ಕೆ ಬಳಕೆಯಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಸರಕಾರದ ನೋಂದಣಿ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ, ಅದರ ಮೇಲೆ ನೋಂದಣಿ ರದ್ದು ಮಾಡಿಸಿ. ಮುಂದೆ ಹೊಸ ಗಾಡಿ ಕೊಂಡರೆ ಆ ಪತ್ರದ ಮೇಲೆ ತೆರಿಗೆಯಲ್ಲಿ ರಿಯಾಯಿತಿಯೂ ಉಂಟು.

ಇನ್ನು ಮೂವರಿಗೂ ಸೇರಿ ಒಂದು ಮಾತು. ಆಗಲೇ ಹೇಳಿದೆನಲ್ಲ, ಸ್ವಂತ ಮೈಯಿನ ಸಾಮಾನಿಗೆ ನಿಂತ ಗಾಡಿಯೊಂದನ್ನು ಕೊಳ್ಳಬೇಕು ಅಂತ. ಒಬ್ಬರಿಗೆ ಅದು ಹೊರೆ. ಮೂರು ಮನೆ ಕೂಡಿದರೆ ಪಾಲು ಸಣ್ಣದು. ಒಬ್ಬರಿಗೆ ಗಾಜು ಬೇಕು, ಒಬ್ಬರಿಗೆ ಬಾಗಿಲ ಹಿಡಿ, ಇನ್ನೊಬ್ಬರಿಗೆ ಜಾಲರಿ. ಜೆ.ಸಿ. ರಸ್ತೆಗೆ ಒಬ್ಬರ ಮನೆಯವರು ಹೋದರೆ ಮೂರು ಮನೆಯ ಪಟ್ಟಿ ಒಟ್ಟಿಗೆ ಹೋಗಲಿ. ಸಂಘದಲ್ಲಿ ಸಾಲ, ಉಳಿತಾಯ ನಡೆಸುವ ನಮಗೆ ಈ ಲೆಕ್ಕ ಹೊಸದೇನಲ್ಲ. ಮಸ್ಕಿಯ ಅವ್ವ ಮುಂದೊಂದು ದಿನ ಗಾಡಿ ಕೊಡಲು ಒಪ್ಪಿದರೆ, ಗುಜರಿಗೆ ಹೋಗುವ ಮುಂಚೆ ಈ ಇಬ್ಬರನ್ನು ಒಂದು ಮಾತು ಕೇಳಲಿ. ಅಪ್ಪನ ಗಾಡಿಯ ಸಾಮಾನು ಇನ್ನೆರಡು ಗಾಡಿಯಲ್ಲಿ ಓಡಾಡುತ್ತದೆ ಅಂದರೆ ಅವರಿಗೂ ಸಮಾಧಾನ. ಗಾಡಿ ಬಿಚ್ಚುವ ಮುಂಚೆ ನೋಂದಣಿ ರದ್ದು ಮಾಡಿಸುವುದನ್ನು ಮಾತ್ರ ಮರೆಯಬಾರದು. ಮೂವರೂ ಒಪ್ಪಿ ಪತ್ರ ಬರೆದರೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ತಲುಪಿಸುವ ಕೆಲಸ ನನ್ನದು.

ಉಳಿದ ಓದುಗರು ಇವತ್ತೇ ಒಂದು ಕೆಲಸ ಮಾಡಿ. ಒಂದು ಹಳೇ ನೋಟ್‌ಪುಸ್ತಕ ತೆಗೆದು ಮನೆಯ ಫ್ಯಾನು, ಪಂಪು, ಮಿಕ್ಸಿ, ಗಾಡಿ ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ರಿಪೇರಿಗೆ ಬಿಚ್ಚಿದಾಗಲೆಲ್ಲ ಒಳಗಿನ ನಂಬರು, ಅಳತೆ, ಕೊಟ್ಟ ದರ, ತಾರೀಖು ಬರೆಯಿರಿ. ಎರಡು ವರ್ಷದಲ್ಲಿ ಆ ಪುಸ್ತಕದ ಬೆಲೆ ನಿಮಗೇ ಗೊತ್ತಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಮಾನ್ವಿಯ ಸೋದರಿಯೊಬ್ಬರು ಕೇಳಿದ ಹಿಟ್ಟಿನ ಗಿರಣಿಯ ಕಲ್ಲಿನ ವಿಚಾರ ನೋಡೋಣ. ಅಲ್ಲಿಯವರೆಗೆ ನಮಸ್ಕಾರ.